ಟೇಬಲ್ ಸಾ ಪಕ್ಕದಲ್ಲೇ ರೌಟರ್: ನನ್ನ ಅನುಭವ

ನನ್ನ ಕಾರ್ಯಾಗಾರವೆಂದರೆ ಮೈಸೂರಿನ ಮನೆಯ ಕಾರ್ ಶೆಡ್. ಅಗಲ 10 ಅಡಿ, ಉದ್ದ 14 ಅಡಿ. ನಡುವೆ ಟೇಬಲ್ ಸಾ, ಅಂದರೆ ಮೇಜಿನ ಸೀಳಿನಿಂದ ದುಂಡು ಬ್ಲೇಡ್ ಮೇಲೆ ಬರುವ ಗರಗಸದ ಯಂತ್ರ; ಗೋಡೆಯ ಬದಿಗೆ ರೌಟರ್ ಟೇಬಲ್. ರೌಟರ್ ಎಂದರೆ ವೇಗವಾಗಿ ತಿರುಗುವ ಬಿಟ್ಟಿನಿಂದ (ಕತ್ತರಿಸುವ ಅಲಗು) ಮರದಲ್ಲಿ ತೋಡು ಕೊರೆಯುವ ಯಂತ್ರ. 8 ಅಡಿಯ ಹಲಗೆ ಸೀಳಬೇಕಾದಾಗಲೆಲ್ಲ ಆ ರೌಟರ್ ಟೇಬಲನ್ನು ಅಂಗಳಕ್ಕೆ ಹೊತ್ತು ಹಾಕಬೇಕಾಗುತ್ತಿತ್ತು. ಕೊನೆಗೆ ಅದನ್ನು ಬಿಚ್ಚಿ, ಟೇಬಲ್ ಸಾ ಯಂತ್ರದ ಬಲಬದಿಯಲ್ಲಿದ್ದ ತಗಡಿನ ರೆಕ್ಕೆಯನ್ನು (ಮೇಜನ್ನು ಅಗಲಗೊಳಿಸುವ ಭಾಗ) ತೆಗೆದು, ಅಲ್ಲಿಯೇ ರೌಟರನ್ನು ತಲೆಕೆಳಗಾಗಿ ಕೂರಿಸಲು ನಿರ್ಧರಿಸಿದೆ.

ಹೊಸ ರೆಕ್ಕೆಗೆ 18 ಮಿಲಿಮೀಟರಿನ ಪ್ಲೈವುಡ್ ತುಂಡುಗಳೆರಡನ್ನು ಅಂಟಿಸಿ, ಮೇಲೂ ಕೆಳಗೂ ಸನ್‌ಮೈಕ ಹಚ್ಚಿದೆ. ಒಂದೇ ಬದಿಗೆ ಹಚ್ಚಿದರೆ ಹಲಗೆ ತಿರುಚಿಕೊಳ್ಳುತ್ತದೆ. ರೌಟರಿಗೆ ರಂಧ್ರ ಕೊರೆಯುವ ಮೊದಲು ಗರಗಸದ ಬ್ಲೇಡನ್ನು 45 ಡಿಗ್ರಿಗೆ ವಾಲಿಸಿ, ಕೆಳಗಿನ ಮೋಟಾರ್ ಎಲ್ಲಿಯವರೆಗೆ ಬರುತ್ತದೆ ಎಂದು ಗುರುತು ಹಾಕಿಕೊಂಡೆ. ರೌಟರಿನ ಹಿಡಿಗಳು ಅದಕ್ಕೆ ತಗಲಬಾರದು. ಆಮೇಲೆ ರೌಟರನ್ನು ಹಿಡಿದಿಡುವ 6 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಪ್ಲೇಟ್ ಕೂರಲು ರಂಧ್ರದ ಸುತ್ತ ಅಷ್ಟೇ ಆಳದ ಅಂಚನ್ನು ತೆಗೆದು, ಮೂಲೆಗಳಲ್ಲಿ ಮಟ್ಟ ಸರಿಪಡಿಸುವ ಸ್ಕ್ರೂಗಳನ್ನು ಇಟ್ಟೆ.

ಮೊದಲ ತಿಂಗಳು ಎಲ್ಲವೂ ಸರಿಯಿತ್ತು. ಅಡುಗೆಮನೆಯ ಬೀರುವಿಗೆ ತೇಗದ ಬಾಗಿಲು ಮಾಡುವಾಗ ಮಾತ್ರ ಚೌಕಟ್ಟಿನ ಉದ್ದದ ಪಟ್ಟಿಗಳೂ ಅಡ್ಡಪಟ್ಟಿಗಳೂ ಒಂದೇ ಮಟ್ಟಕ್ಕೆ ಕೂರಲಿಲ್ಲ; ಕೂಡುವಲ್ಲಿ ಬೆರಳಾಡಿಸಿದರೆ ಸಣ್ಣ ಮೆಟ್ಟಿಲು ಸಿಗುತ್ತಿತ್ತು. ಬಿಟ್ ಸಡಿಲವಾಗಿದೆಯೆಂದು ಎರಡು ದಿನ ಅದನ್ನು ಹಿಡಿದಿಡುವ ಕಾಲೆಟ್ಟನ್ನೇ ಶಂಕಿಸಿದೆ. ಕೊನೆಗೆ ಉಕ್ಕಿನ ಸ್ಕೇಲನ್ನು ರೆಕ್ಕೆಯ ಮೇಲೆ ಅಂಚಿನಲ್ಲಿ ನಿಲ್ಲಿಸಿ ನೋಡಿದರೆ, ಪ್ಲೇಟಿನ ನಡುವೆ ನಾಲ್ಕು ಮಡಿಕೆಯ ಕಾಗದ ಸರಾಗವಾಗಿ ನುಸುಳಿತು. ಸುಮಾರು 5 ಕಿಲೋ ತೂಕದ ರೌಟರನ್ನು ತೆಗೆಯದೆ ತೂಗುಬಿಟ್ಟಿದ್ದರಿಂದ ರೆಕ್ಕೆ ಜೋತುಬಿದ್ದಿತ್ತು. ಉದ್ದದ ಪಟ್ಟಿ ಆ ತಗ್ಗನ್ನು ದಾಟಿ ಮೇಲೆ ಸಾಗುತ್ತಿತ್ತು, ಗಿಡ್ಡ ಪಟ್ಟಿ ತಗ್ಗಿಗಿಳಿಯುತ್ತಿತ್ತು. ಹಾಗಾಗಿ ಬಿಟ್ಟಿನ ಎತ್ತರ ಬದಲಾಗದಿದ್ದರೂ ಪಟ್ಟಿಗಳಲ್ಲಿ ಕೊರೆಯುವ ತೋಡು ಬೇರೆ ಬೇರೆ ಮಟ್ಟದಲ್ಲಿ ಬೀಳುತ್ತಿತ್ತು. ಮೇಜಿನ ಮುಂದಿನ ಅಂಚಿನ ರೈಲಿನಿಂದ (ಲೋಹದ ಪಟ್ಟಿ) ಹಿಂದಿನ ಅಂಚಿನ ರೈಲಿನವರೆಗೆ ಎರಡು ಕಬ್ಬಿಣದ ಆಂಗಲ್‌ಗಳನ್ನು ಕೆಳಗಿನಿಂದ ಬಿಗಿದು, ಹೊರತುದಿಗೆ ನೆಲ ಮುಟ್ಟುವ ಒಂದು ಕಾಲನ್ನು ಕೊಟ್ಟ ಮೇಲೆ ಈ ತೊಂದರೆ ನಿಂತಿತು. ಇದನ್ನು ಮೊದಲೇ ಮಾಡಬೇಕಿತ್ತು.

ಜಾಗಕ್ಕಿಂತ ದೊಡ್ಡ ಲಾಭ ನನಗೆ ಕಂಡದ್ದು ಫೆನ್ಸಿನಲ್ಲಿ, ಅಂದರೆ ಮರವನ್ನು ಒರಗಿಸಿ ತಳ್ಳುವ, ಸರಿಸಬಹುದಾದ ನೇರ ಪಟ್ಟಿಯಲ್ಲಿ. ಗರಗಸದ ಫೆನ್ಸಿಗೆ ಪ್ಲೈವುಡ್ಡಿನ ಹೊದಿಕೆಯೊಂದನ್ನು ಕ್ಲಾಂಪಿನಿಂದ ಹಿಡಿಸಿದರೆ, ಬಿಟ್ ಅರ್ಧ ಅಡಗುವಂತೆ ಅದರಲ್ಲಿ ಕಚ್ಚು ಮಾಡಬಹುದು. ಹಿಂದೆ ಸಣ್ಣ ಪೆಟ್ಟಿಗೆ ಮಾಡಿ ವ್ಯಾಕ್ಯೂಮ್ ಕೊಳವೆ ಸೇರಿಸಿದರೆ ಪುಡಿಯೂ ಅಲ್ಲಿಯೇ ಹೋಗುತ್ತದೆ. ನಾನು ಯಂತ್ರದ ಬಲತುದಿಯಲ್ಲಿ ಫೆನ್ಸಿಗೆ ಎದುರಾಗಿ ನಿಂತು, ಮರವನ್ನು ಬಲದಿಂದ ಎಡಕ್ಕೆ ತಳ್ಳುತ್ತೇನೆ. ತಲೆಕೆಳಗಾದ ರೌಟರಿನ ಬಿಟ್ ಮೇಲಿನಿಂದ ನೋಡಿದಾಗ ಅಪ್ರದಕ್ಷಿಣವಾಗಿ ತಿರುಗುವುದರಿಂದ ಅದರ ತಿರುಗುವಿಕೆಗೆ ಎದುರು ದಿಕ್ಕಿನ ತಳ್ಳುವಿಕೆ ಇದೇ ಆಗುತ್ತದೆ. ಬಿಟ್ಟಿಗೂ ಫೆನ್ಸಿಗೂ ನಡುವೆ ಮರವನ್ನು ತೂರಿಸುವುದು ಮಾತ್ರ ಎಂದೂ ಕೂಡದು. ಅದು ಕೈಯಿಂದ ಕಿತ್ತುಕೊಂಡು ಹಾರುತ್ತದೆ. ರೌಟರ್ ಓಡುವಾಗ ಬ್ಲೇಡನ್ನು ಮೇಜಿನ ಕೆಳಗಿಳಿಸಿ ಗರಗಸದ ಪ್ಲಗ್ಗನ್ನು ಕಿತ್ತಿಡುತ್ತೇನೆ, ಮತ್ತು ಎರಡಕ್ಕೂ ಬೇರೆ ಬೇರೆ ಸ್ವಿಚ್ ಇಟ್ಟಿದ್ದೇನೆ.

ಒಂದು ಅನನುಕೂಲವನ್ನು ಮುಚ್ಚಿಡಲಾರೆ. ಫೆನ್ಸ್ ಒಂದೇ ಆದ್ದರಿಂದ, ತೋಡಿಗೆ ಹೊಂದಿಸಿಟ್ಟ ಅಳತೆ ನಡುವೆ ಒಂದು ಪಟ್ಟಿ ಸೀಳಲು ಹೋದರೆ ಕೈತಪ್ಪುತ್ತದೆ. ಆದ್ದರಿಂದ ಈಗ ಬೇಕಾದ ಪಟ್ಟಿಗಳನ್ನೆಲ್ಲ, ಜೊತೆಗೆ ಎರಡು ಹೆಚ್ಚುವರಿ ಪಟ್ಟಿಗಳನ್ನೂ, ಮೊದಲೇ ಸೀಳಿ ಗೋಡೆಗೆ ಒರಗಿಸಿ, ಅನಂತರವೇ ಫೆನ್ಸನ್ನು ರೌಟರಿನ ಕಡೆಗೆ ಸರಿಸುತ್ತೇನೆ.