ಲಾರಿ ಪಟ್ಟಿಗೆ ಎಂಎಸ್ ಬೆಸೆದದ್ದು: ನನ್ನ ಅನುಭವ

ಲಾರಿಯ ಸ್ಪ್ರಿಂಗ್ ಪಟ್ಟಿಗೆ ವೆಲ್ಡಿಂಗ್ ನಿಲ್ಲಲ್ಲ, ಸುಮ್ನೆ ಬೋಲ್ಟ್ ಹಾಕು ಅಂತ ನಮ್ಮ ಲೈನಿನ ಶಾಪಿನವರೆಲ್ಲ ನಗುತ್ತಿದ್ದರು. ಆದರೆ ಹಳೆ ಲಾರಿ ಪಟ್ಟಿಯನ್ನೇ ಬ್ಲೇಡ್ ಮಾಡಿ, ಎಂಎಸ್‌ಗೆ (ಮೈಲ್ಡ್ ಸ್ಟೀಲ್, ಅಂದರೆ ಮಾಮೂಲಿ ಮೆತ್ತನೆ ಉಕ್ಕು) ನಾನು ಬೆಸೆದ ಟ್ರ್ಯಾಕ್ಟರ್ ಕುಂಟೆ ನವಲಗುಂದ ಕಡೆಯ ಎರೆ ಹೊಲದಲ್ಲಿ ಎರಡನೇ ಹಂಗಾಮು ಓಡುತ್ತಿದೆ. ಬೇಕಾದರೆ ಹೋಗಿ ನೋಡಿ.

ಮೊದಲು ಮಾಮೂಲಿ 6013 ವೆಲ್ಡಿಂಗ್ ರಾಡಿನಲ್ಲಿ 120-130 ಆಂಪ್ಸ್ ಕರೆಂಟ್ ಇಟ್ಟಾಗ ಬೀಡು (ಬೆಸುಗೆಯ ಗೆರೆ) ಚೆಂದ ಬಂತು. ರಾತ್ರಿ ಶಾಪಿನಲ್ಲಿ ಟಣ್ ಅಂತ ಸದ್ದು. ಬೆಳಿಗ್ಗೆ ನೋಡಿದರೆ ಬೀಡಿಗೆ ಏನೂ ಆಗಿಲ್ಲ, ಪಕ್ಕದಲ್ಲಿ ಪಟ್ಟಿಯೇ ಸೀಳಿದೆ! ಲೋ ಹೈಡ್ರೋಜನ್ ರಾಡ್ 7018 ಸ್ವಲ್ಪ ವಾಸಿ. ಆದರೆ ಮಳೆಗಾಲದಲ್ಲಿ ರಾಡನ್ನು 300 ಡಿಗ್ರಿಯಲ್ಲಿ ಒಂದೆರಡು ಗಂಟೆ ಒಣಗಿಸದಿದ್ದರೆ ಅದೂ ಅಷ್ಟೇ. ಗುಜರಿ ಪಟ್ಟಿ, ಗ್ಯಾಸು, ವಾಪಸ್ ಕೊಟ್ಟ ಮುಂಗಡ ಎಲ್ಲ ಸೇರಿ ಆರೇಳು ಸಾವಿರ ಹೋಯಿತು.

ಕೊನೆಗೆ ಕೈ ಹಿಡಿದದ್ದು 312 ಅನ್ನುವ ಸ್ಟೇನ್‌ಲೆಸ್ ರಾಡ್. ನನಗೆ ಒಂದಕ್ಕೆ ಎಪ್ಪತ್ತು ಎಂಬತ್ತು ರೂಪಾಯಿ ಬಿತ್ತು. ಆ ದುಡ್ಡಿಗೆ 6013 ಹತ್ತು ಬರುತ್ತವೆ, ಹೊಟ್ಟೆ ಉರಿಯುತ್ತೆ ಅಲ್ವಾ? 3.15 ಎಂಎಂ ರಾಡು, ಡಿಸಿ, ಹೋಲ್ಡರ್ ಪಾಸಿಟಿವ್, 80-85 ಆಂಪ್ಸ್. ಅದಕ್ಕಿಂತ ಏರಿಸಿದರೆ ಪಟ್ಟಿ ಜಾಸ್ತಿ ಕರಗಿ ಬೀಡಿಗೆ ಸೇರುತ್ತೆ, ರಾಡಿನ ದುಡ್ಡು ದಂಡ. ಕರೆಂಟ್ ಕಡಿಮೆ ಇಟ್ಟರೆ ಬೇಗ ತಣ್ಣಗಾಗಿ ಗಡಸಾಗಲ್ವಾ ಅಂತ ಕೇಳುತ್ತೀರಿ. ಅದಕ್ಕೇ ಪಟ್ಟಿಯನ್ನು ಮೊದಲೇ ಕಾಯಿಸುವುದು. ಗ್ರೈಂಡರಿನಲ್ಲಿ ಒಂದು ಕಡೆ ಹೊಳಪು ಮಾಡಿ ಗ್ಯಾಸ್ ಹಿಡಿಯಿರಿ. ಒಣ ಹುಲ್ಲಿನ ಬಣ್ಣ ದಾಟಿ ನೇರಳೆಗೆ ತಿರುಗಿದಾಗ 270-280 ಡಿಗ್ರಿ ಆಸುಪಾಸು, ಅಲ್ಲಿಗೆ ನಿಲ್ಲಿಸಿ. ಕೆಂಪಗೆ ಕಾಯಿಸಿದರೆ ಪಟ್ಟಿಯ ಹದವೇ ಹೋಗುತ್ತೆ. ರಾಡನ್ನು ಅಲ್ಲಾಡಿಸದೆ ಎರಡಿಂಚಿನ ಗೆರೆ ಎಳೆದು, ಬಿಸಿ ಇರುವಾಗಲೇ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ, ಮುಗಿದ ಮೇಲೆ ಬೂದಿಯಲ್ಲಿ ಹೂಳಿ. ಮರುದಿನದವರೆಗೆ ತೆಗೆಯಬೇಡಿ. ಬೀಡಿನ ಪಕ್ಕ ಅರ ಉಜ್ಜಿ ನೋಡಿ. ಹಿಡಿದರೆ ಗೆದ್ದಿರಿ, ಜಾರಿದರೆ ಗಿರಾಕಿಗೆ ಕೊಡಬೇಡಿ. ಬೆಸುಗೆಯ ಗೆರೆಗಳನ್ನು ಎಳೆಯುವ ಸರದಿ ಮಾತ್ರ ಬರೆಯಲ್ಲ, ಅದು ನನ್ನ ಹೊಟ್ಟೆಪಾಡು.

ಉಳಿದ ರಾಡಿನಲ್ಲಿ 304 ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ಶೀಟನ್ನು ಎಂಎಸ್ ಆಂಗಲ್‌ಗೂ ಬೆಸೆದು ನೋಡಿದೆ. ನಿಂತಿತು, ಆದರೆ ಅಲ್ಲಿಗೆ 309ಎಲ್ ರಾಡ್ ಸಾಕು. ಎಸ್‌ಎಸ್ ಬಿಸಿಗೆ ಎಂಎಸ್‌ಗಿಂತ ಒಂದೂವರೆ ಪಟ್ಟು ಹಿಗ್ಗುತ್ತೆ. ಟ್ಯಾಕ್ (ಮೊದಲು ಹಾಕುವ ಚುಕ್ಕೆ ಬೆಸುಗೆ) ಹತ್ತಿರ ಹತ್ತಿರ ಇಡದಿದ್ದರೆ ಶೀಟು ಹಪ್ಪಳದ ಹಾಗೆ ಸೊಟ್ಟಗಾಗುತ್ತೆ.

ಈಗ ಬೋಲ್ಟಿನ ಕೆಲಸಕ್ಕಿಂತ ಒಂದು ಬ್ಲೇಡಿಗೆ ನೂರೈವತ್ತು ಜಾಸ್ತಿ ತೆಗೆದುಕೊಳ್ಳುತ್ತೇನೆ. ಚೌಕಾಸಿ ಮಾಡಿದವರಿಗೆ ಬೋಲ್ಟೇ ಹಾಕಿ ಕೊಡುತ್ತೇನೆ.