ಮಕ್ಪೇಲದ ಕ್ರಯಪತ್ರದಿಂದ ಶುರು ಮಾಡಿದೆ

ಬೈಬಲ್ ಅಧ್ಯಯನದಲ್ಲಿ ವಾಗ್ದತ್ತ ದೇಶದ, ಅಂದರೆ ದೇವರು ಅಬ್ರಹಾಮನಿಗೂ ಅವನ ಸಂತತಿಗೂ ಕೊಡುತ್ತೇನೆಂದ ನಾಡಿನ ವಿಷಯ ಎತ್ತಿದರೆ ಸಭೆ ಒಡೆಯುತ್ತದೆ, ಬೇಡ ಎಂದು ಸಭಾಪಾಲಕರೇ ಎಚ್ಚರಿಸಿದ್ದರು. ಆ ಮಾತು ಇಂದಿಗೂ ಇಸ್ರೇಲರ ಆ ನಾಡಿಗೇ ಸಲ್ಲುತ್ತದೆಯೋ, ಇಡೀ ಲೋಕಕ್ಕೆ ಹಿಗ್ಗಿದೆಯೋ ಎಂಬುದೇ ಜಗಳ. ಎರಡು ಸಲ ಅವರ ಮಾತೇ ನಿಜವಾಯಿತು. ಮೊದಲ ಸಲ ರೋಮಾಪುರ 4:13ರಿಂದ ಆರಂಭಿಸಿದೆ. ಅಬ್ರಹಾಮನು ಲೋಕಕ್ಕೇ ಬಾಧ್ಯನೆಂದು ಪೌಲನು ಬರೆದ ಮೇಲೆ ಇನ್ನೇನು ಚರ್ಚೆ ಎಂಬ ಹುಮ್ಮಸ್ಸು ನನ್ನದು. ಇಸ್ರೇಲಿಗೆ ಕೊಟ್ಟ ವಾಗ್ದಾನಗಳು ಅಕ್ಷರಶಃ ನೆರವೇರುತ್ತವೆ ಎನ್ನುವ ಸ್ಕೋಫೀಲ್ಡ್ ಬೈಬಲಿನ ಟಿಪ್ಪಣಿಗಳನ್ನು ಅರೆದು ಕುಡಿದಿದ್ದ ಹಿರಿಯರೊಬ್ಬರು ಆಮೋಸ 9:15 ಓದಿ, ಇನ್ನೆಂದೂ ಕಿತ್ತುಹಾಕುವುದಿಲ್ಲ ಎಂದದ್ದು ಯಾರಿಗೆ ಎಂದು ಕೇಳಿದರು. ನಾನು ತಡವರಿಸಿದೆ. ಮುಂದಿನ ವಾರ ಇಪ್ಪತ್ತೈದರಲ್ಲಿ ಹನ್ನೊಂದು ಮಂದಿ ಬಂದರು.

ಎರಡನೆಯ ಸಲ ಐಗುಪ್ತದ ನದಿಯಿಂದ ಯೂಫ್ರೇಟೀಸ್‌ವರೆಗಿನ ನಕ್ಷೆಯನ್ನು ಫ್ಲೆಕ್ಸ್ ಮೇಲೆ ಮುದ್ರಿಸಿದೆ. ಸುಮಾರು 1,800 ರೂಪಾಯಿ, ನನ್ನ ಕೈಯಿಂದಲೇ. ಎಲ್ಲರೂ ಇಂದಿನ ಇಸ್ರೇಲಿನ ಗಡಿಗೆ ಬೆರಳಿಟ್ಟು, ಆ ರಾಷ್ಟ್ರ ಹುಟ್ಟಿದ 1948, ಆರು ದಿನಗಳ ಯುದ್ಧದ 1967 ಎಂದು ಕೂಗಾಡಿದರು. ವಾಕ್ಯ ತೆರೆಯಲೇ ಇಲ್ಲ. ಆ ಫ್ಲೆಕ್ಸ್ ಈಗ ನಮ್ಮ ಸೌದೆ ರಾಶಿಯನ್ನು ಮಳೆಯಿಂದ ಕಾಯುತ್ತಿದೆ.

ಮೂರನೆಯ ಸಲ ಆದಿಕಾಂಡ 23 ಮಾತ್ರ, ಅಬ್ರಹಾಮ ಮಕ್ಪೇಲದ ಗವಿಯನ್ನು ಕೊಳ್ಳುವ ಅಧ್ಯಾಯ. ದೇಶವೆಲ್ಲ ನಿನ್ನದೆಂದು ಮಾತು ಪಡೆದವನು ಹೆಂಡತಿಯನ್ನು ಹೂಳಲು 400 ಶೆಕೆಲ್ ಬೆಳ್ಳಿ ತೂಗಿ ಕೊಡುತ್ತಾನೆ. ಹೊಲ, ಗವಿ, ಎಲ್ಲೆಯೊಳಗಿನ ಮರಗಳು, ಊರಬಾಗಿಲಲ್ಲಿ ಸಾಕ್ಷಿಗಳು. ನಮ್ಮಲ್ಲಿ ದಸ್ತಾವೇಜು ಬರೆಯುವವರೊಬ್ಬರಿದ್ದಾರೆ. "ಚಕ್ಕುಬಂದಿ ಸರಿಯಾಗಿದೆ, ಮರಗಳನ್ನೂ ಬಿಟ್ಟಿಲ್ಲ" ಎಂದರು. ಎಲ್ಲರೂ ನಕ್ಕರು. ಅಲ್ಲಿಂದ ಯಾಜಕಕಾಂಡ 25:23ಕ್ಕೆ ಹೋದೆವು: ಭೂಮಿ ನನ್ನದು, ನೀವು ಪರವಾಸಿಗಳು. 1974ರ ಭೂಸುಧಾರಣಾ ತಿದ್ದುಪಡಿಯಿಂದ ಜಮೀನು ಪಡೆದ ಗೇಣಿದಾರರ ಮಗನೊಬ್ಬ, "ಹಾಗಾದರೆ ಇಲ್ಲಿ ಉಳುವವನು ಒಡೆಯನಲ್ಲ" ಎಂದ. ನಾನು ಬರೆದುಕೊಂಡು ಹೋಗಿದ್ದ ಮೂರು ಪುಟಗಳನ್ನು ಮಡಚಿ ಜೇಬಿಗಿಟ್ಟೆ.

ಬಳಿಕ ಪಕ್ಷಗಳನ್ನು ಅದಲುಬದಲು ಮಾಡಿದೆ. ಸ್ಕೋಫೀಲ್ಡ್ ಓದಿದ ಆ ಹಿರಿಯರು ಪರಲೋಕದ ದೇಶವನ್ನು ಹೇಳುವ ಇಬ್ರಿಯ 11:16ರ ಪರ, ನಾನು ಆಮೋಸನ ಪರ. ವಿಮೋಚನಕಾಂಡ 20:12ರ 'ದೇಶ' ಎಫೆಸ 6:3ರಲ್ಲಿ 'ಭೂಮಿ'ಯಾಗಿರುವುದನ್ನು ಹೆಕ್ಕಿದ್ದು ಅವರೇ! ದೇವರ ವರಗಳೂ ಕರೆಯೂ ಹಿಂತೆಗೆಯಲಾಗದವು ಎನ್ನುವ ರೋಮಾಪುರ 11:29ರ ಎದುರು ನಾನೂ ಸ್ವಲ್ಪ ಮೆತ್ತಗಾದೆ.

ನಡುವೆ ಒಂದು ಹುಚ್ಚು ಪ್ರಯೋಗ: 2 ಪೇತ್ರ 3ರ ಬೆಂಕಿಯಲ್ಲಿ ಹಳೆಯ ಭೂಮಿ ಬೂದಿಯಾಗುತ್ತದೆಯೋ, ಪುಟಕ್ಕಿಟ್ಟ ಚಿನ್ನವಾಗುತ್ತದೆಯೋ ಎಂದು ತೋರಿಸಲು ಅಕ್ಕಸಾಲಿಗರನ್ನು ಕರೆಸಿದೆ. ಹೊಗೆಗೆ ಕೆಮ್ಮಿದ್ದೇ ಬಂತು.

ಆರು ವಾರಕ್ಕೆ ಜೆರಾಕ್ಸ್, ಚಹಾ ಸೇರಿ 600 ರೂಪಾಯಿ ದಾಟಲಿಲ್ಲ. ಕೊನೆಯ ಸಂಜೆ ಮೂವತ್ತರ ಹತ್ತಿರ ಜನರಿದ್ದರು. ಅಂದು ಎರಡೂ ಪಕ್ಷದವರನ್ನು ಸುಮ್ಮನಾಗಿಸಿದ ಪ್ರಶ್ನೆ ಯಾವುದೆಂದು ಇಲ್ಲಿ ಹೇಳುವುದಿಲ್ಲ, ಮುಂದಿನ ಊರಿಗೆ ಬೇಕು. ಸಭಾಪಾಲಕರು ಈಗ ತಾವೇ ಪ್ರಕಟನೆ 20 ತೆಗೆದುಕೊಳ್ಳಿ ಎನ್ನುತ್ತಿದ್ದಾರೆ. ಕ್ರಿಸ್ತನ ಸಾವಿರ ವರ್ಷದ ಆಳ್ವಿಕೆ! ಫ್ಲೆಕ್ಸ್ ಮಾತ್ರ ಮಾಡಿಸುವುದಿಲ್ಲ.