‘ಟೆನಿಸ್’ ಪದದ ಮೂಲವನ್ನು ಹುಡುಕುವ ಬಗೆ

ಪದವೊಂದರ ಮೂಲವನ್ನು ಹುಡುಕಲು ಹೊರಟವರು ಅರ್ಥವನ್ನು ಊಹಿಸುವ ಮೊದಲು ಅದರ ಉಲ್ಲೇಖಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿಕೊಳ್ಳಬೇಕು. ‘ಟೆನಿಸ್’ ಈ ಅಭ್ಯಾಸಕ್ಕೆ ತಕ್ಕ ಪದ. ಅದರ ಹಳೆಯ ಉಲ್ಲೇಖಗಳು ವಿರಳ, ಅದರ ಸುತ್ತ ಬೆಳೆದ ಕಥೆಗಳು ಹೇರಳ.

ಮೊದಲು ಇಟಲಿಯ ಕಡೆ ನೋಡಬೇಕು. ಫ್ಲಾರೆನ್ಸಿನ ದೊನಾತೊ ವೆಲ್ಲೂತಿ ಹದಿನಾಲ್ಕನೆಯ ಶತಮಾನದ ಉತ್ತರಾರ್ಧದಲ್ಲಿ ಬರೆದಿಟ್ಟ ತನ್ನ ಮನೆತನದ ವೃತ್ತಾಂತದಲ್ಲಿ, 1325ರ ಹೊತ್ತಿಗೆ ಅಲ್ಲಿಗೆ ಬಂದಿದ್ದ ಫ್ರೆಂಚ್ ಅಶ್ವಾರೋಹಿಗಳ ಪ್ರಸ್ತಾಪದಲ್ಲಿ ‘ತೆನೆಸ್’ ಎಂಬ ಚೆಂಡಾಟದ ಹೆಸರು ಬರುತ್ತದೆ. 1400ರ ಸುಮಾರಿಗೆ ಇಂಗ್ಲೆಂಡಿನ ಕವಿ ಜಾನ್ ಗವರ್ ತನ್ನ ಕವಿತೆಯಲ್ಲಿ ‘ತೆನೆಟ್ಸ್’ ಎಂಬ ರೂಪವನ್ನು ಬಳಸಿದ್ದಾನೆ. ಈ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ, ಬರೆದವರಿಬ್ಬರೂ ಫ್ರಾನ್ಸಿನ ಹೊರಗಿನವರು ಎಂಬುದು ಕಣ್ಣಿಗೆ ಬೀಳುತ್ತದೆ. ಇದನ್ನು ಗುರುತು ಹಾಕಿಕೊಳ್ಳಿ, ಮುಂದೆ ಬೇಕಾಗುತ್ತದೆ.

ಎರಡನೆಯ ಕೆಲಸ ಉಚ್ಚಾರಣೆಯ ಪರೀಕ್ಷೆ. ವಿದ್ವಾಂಸರು ಹೆಚ್ಚಾಗಿ ಒಪ್ಪುವ ಮೂಲವೆಂದರೆ, ಹಿಡಿಯುವುದು ಎಂಬ ಅರ್ಥದ ಫ್ರೆಂಚ್ ಕ್ರಿಯಾಪದ ‘ತೆನಿರ್’ನ ಗೌರವಸೂಚಕ ಆಜ್ಞಾರ್ಥಕ ರೂಪ ‘tenez’. ನಾವು ಏನನ್ನಾದರೂ ಕೊಡುವಾಗ ‘ತಗೊಳ್ಳಿ’ ಎನ್ನುವಂತೆ, ಚೆಂಡನ್ನು ಮೊದಲು ಹೊಡೆಯುವವನು ಎದುರಾಳಿಗೆ ಆ ಮಾತನ್ನು ಕೂಗಿ ಹೇಳುತ್ತಿದ್ದನೆಂದು ಊಹೆ. ಇಂದಿನ ಫ್ರೆಂಚರು ಅದನ್ನು ‘ತನೇ’ ಎಂದಷ್ಟೇ ಉಚ್ಚರಿಸುವುದರಿಂದ, ಕೊನೆಯ ಸಕಾರ ಎಲ್ಲಿಂದ ಬಂತೆಂಬ ಸಂದೇಹ ಸಹಜ. ಆದರೆ ಮಧ್ಯಯುಗದ ಫ್ರೆಂಚಿನಲ್ಲಿ ಅದೇ ಕೊನೆಯಕ್ಷರ ‘ಟ್ಸ್’ ಎಂದು ಕೇಳಿಸುತ್ತಿತ್ತು. ಗವರ್ ಬಳಸಿದ ರೂಪ ಇದಕ್ಕೆ ಸರಿಯಾಗಿ ಹೊಂದುತ್ತದೆ. ಇಂಗ್ಲೆಂಡಿನ ನಿಘಂಟುಕಾರ ಜಾನ್ ಮಿನ್ಶ್ಯೂ 1617ರಷ್ಟು ಹಿಂದೆಯೇ ಈ ವಿವರಣೆಯನ್ನು ಕೊಟ್ಟಿದ್ದ.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ, ಅದನ್ನು ಮುಚ್ಚಿಡಬಾರದು. ಫ್ರೆಂಚರು ಈ ಆಟವನ್ನು ತಾವೇ ಆ ಹೆಸರಿನಿಂದ ಕರೆಯಲಿಲ್ಲ. ಅವರಿಗೆ ಅದು ‘ಜೊ ದ ಪೋಮ್’, ಅಂದರೆ ಅಂಗೈಯಾಟ, ಏಕೆಂದರೆ ರ್‍ಯಾಕೆಟ್ ಬರುವ ಮೊದಲು ಚೆಂಡನ್ನು ಬರಿಗೈಯಿಂದಲೇ ಹೊಡೆಯುತ್ತಿದ್ದರು. ಹಾಗಾದರೆ ಹೆಸರು ಹುಟ್ಟಿದ್ದು ಹೇಗೆ? ಮೇಲೆ ಗುರುತು ಹಾಕಿಕೊಂಡ ಸಂಗತಿ ಇಲ್ಲಿ ನೆರವಿಗೆ ಬರುತ್ತದೆ. ಆಡುವವರು ಆಟವನ್ನು ಅಂಗೈಯಿಂದ ಗುರುತಿಸಿದರು, ನೋಡುತ್ತ ನಿಂತ ಪರಭಾಷಿಕರು ತಮ್ಮ ಕಿವಿಗೆ ಮತ್ತೆ ಮತ್ತೆ ಬಿದ್ದ ಕೂಗಿನಿಂದ ಗುರುತಿಸಿದರು ಎಂಬುದು ನನಗೆ ಒಪ್ಪಿಗೆಯಾಗುವ ವಿವರಣೆ. ಸ್ವಾರಸ್ಯವೆಂದರೆ, ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚರೇ ಈ ಪದವನ್ನು ಇಂಗ್ಲಿಷಿನಿಂದ ಎರವಲು ಪಡೆದರು.

ಮೂರನೆಯದಾಗಿ, ಧ್ವನಿಸಾಮ್ಯವನ್ನು ನಂಬಬೇಡಿ. ನೈಲ್ ನದಿಯ ಮುಖಜ ಭೂಮಿಯಲ್ಲಿ ನಾರುಬಟ್ಟೆಗೆ ಹೆಸರಾಗಿದ್ದ ತಿನ್ನೀಸ್ ಎಂಬ ಪಟ್ಟಣವಿತ್ತು, ಚೆಂಡನ್ನು ಬಟ್ಟೆಯಿಂದ ಮಾಡುತ್ತಿದ್ದರು, ಆದ್ದರಿಂದ ಪದ ಅಲ್ಲಿಂದ ಬಂತು ಎಂಬ ವಾದವಿದೆ. ಪಟ್ಟಣ ಇದ್ದದ್ದು ನಿಜ. ಆದರೆ ಆಟಕ್ಕೂ ಅದಕ್ಕೂ ನಂಟಿತ್ತೆಂಬುದಕ್ಕೆ ಹೆಸರಿನ ಹೋಲಿಕೆಯ ಹೊರತು ಆ ವಾದದಲ್ಲಿ ಬೇರೆ ಬಲವಿಲ್ಲ. ಟೆನಿಸ್ ಅಂಕಗಳಲ್ಲಿ ಸೊನ್ನೆಯನ್ನು ‘ಲವ್’ ಎನ್ನುವುದು ಮೊಟ್ಟೆ ಎಂಬರ್ಥದ ಫ್ರೆಂಚ್ ಪದದಿಂದ ಎಂಬ ಜನಪ್ರಿಯ ಕಥೆಯದೂ ಇದೇ ಪಾಡು. ಪ್ಯಾರಿಸಿನ ಅಂಪೈರುಗಳು ಸೊನ್ನೆಗೆ ‘ಜೆರೊ’ ಎನ್ನುತ್ತಾರೆಯೇ ಹೊರತು ಮೊಟ್ಟೆಯ ಮಾತೆತ್ತುವುದಿಲ್ಲ.

ಪದ ಒಂದೇ ಇದ್ದರೂ ಅದು ಸೂಚಿಸುವ ವಸ್ತು ಬದಲಾಗಿರಬಹುದೆಂಬ ಎಚ್ಚರ ಇನ್ನೂ ಮುಖ್ಯ. ಶಾಲೆಯ ಇತಿಹಾಸದಲ್ಲಿ ನಾವೆಲ್ಲ ಓದಿದ, 1789ರ ಜೂನ್ 20ರಂದು ವರ್ಸೇಲ್ಸ್‌ನಲ್ಲಿ ನಡೆದ ‘ಟೆನಿಸ್ ಕೋರ್ಟ್ ಪ್ರತಿಜ್ಞೆ’ಯನ್ನು ನೆನೆದಾಗ ಹಸಿರು ಹುಲ್ಲು, ಬಿಳಿ ಗೆರೆಗಳು ಮನಸ್ಸಿಗೆ ಬಂದರೆ ಅದು ತಪ್ಪು ಚಿತ್ರ. ಅದು ನಡೆದದ್ದು ಅಂಗೈಯಾಟಕ್ಕಾಗಿ ಕಟ್ಟಿದ ಒಳಾಂಗಣದಲ್ಲಿ. ಹುಲ್ಲಿನ ಆಟಕ್ಕೆ ಬ್ರಿಟನ್ನಿನ ವಾಲ್ಟರ್ ವಿಂಗ್‌ಫೀಲ್ಡ್ ಪೇಟೆಂಟ್ ಪಡೆದದ್ದು 1874ರಲ್ಲಿ. ಆತ ಗ್ರೀಕಿನಿಂದ ‘ಸ್ಫೇರಿಸ್ಟಿಕೆ’ ಎಂಬ ಹೆಸರನ್ನು ತಂದರೂ ಜನರ ಬಾಯಿಗೆ ಅದು ಹೊರಳಲಿಲ್ಲ, ‘ಲಾನ್ ಟೆನಿಸ್’ ಎಂಬುದೇ ನಿಂತಿತು. ವಿಂಬಲ್ಡನ್ ಪಂದ್ಯಗಳು 1877ರಲ್ಲಿ ಆರಂಭವಾದವು. ಹೊಸ ಆಟ ಹೆಸರನ್ನು ಆಕ್ರಮಿಸಿದ ಮೇಲೆ ಹಳೆಯದಕ್ಕೆ ವಿಶೇಷಣ ಅಂಟಿಸಬೇಕಾಯಿತು: ಬ್ರಿಟನ್ನಿನಲ್ಲಿ ಅದು ರಿಯಲ್ ಟೆನಿಸ್, ಅಮೆರಿಕದಲ್ಲಿ ಕೋರ್ಟ್ ಟೆನಿಸ್, ಆಸ್ಟ್ರೇಲಿಯಾದಲ್ಲಿ ರಾಯಲ್ ಟೆನಿಸ್. ಅಂತರರಾಷ್ಟ್ರೀಯ ಒಕ್ಕೂಟ 1977ರಲ್ಲಿ ತನ್ನ ಹೆಸರಿನಿಂದ ‘ಲಾನ್’ ತೆಗೆದುಹಾಕಿತು. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿರುವ ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆ ಅದನ್ನು ಉಳಿಸಿಕೊಂಡಿದೆ.

ಇನ್ನು ಬೇರೆ ಭಾಷೆಗಳಿಗೆ ಹೋಗುವಾಗ, ಧ್ವನಿಯನ್ನೇ ಎರವಲು ಪಡೆದವನ್ನೂ ಅರ್ಥ ನೋಡಿ ಪದ ಕಟ್ಟಿಕೊಂಡವನ್ನೂ ಬೇರೆಬೇರೆ ಬರೆದುಕೊಳ್ಳಿ. ಸ್ವಾಹಿಲಿಯ ‘ತೆನಿಸಿ’, ಲಿಥುವೇನಿಯನ್ನಿನ ‘ತೆನಿಸಸ್’, ಟರ್ಕಿಶ್ ಭಾಷೆಯ ‘ತೆನಿಸ್’ ಮೊದಲ ಗುಂಪಿನವು. ಮೊದಲೆರಡು ತಮ್ಮ ತಮ್ಮ ವ್ಯಾಕರಣಕ್ಕೆ ತಕ್ಕಂತೆ ಬಾಲ ಸೇರಿಸಿಕೊಂಡದ್ದು ಬಿಟ್ಟರೆ ಅವುಗಳಲ್ಲಿ ಹೆಚ್ಚು ಹೇಳುವಂಥದ್ದಿಲ್ಲ. ಚೀನೀ ಭಾಷೆಯ ‘ವಾಂಗ್‌ಚಿಯು’ ಬಲೆ-ಚೆಂಡು, ಅರಬ್ಬಿಯ ‘ಕುರತ್ ಅಲ್-ಮಿದ್ರಬ್’ ರ್‍ಯಾಕೆಟ್ಟಿನ ಚೆಂಡು. ಜಪಾನೀ ಭಾಷೆಯಲ್ಲಿ ಎರಡೂ ಇವೆ: ಬಳಕೆಯ ಮಾತಿನಲ್ಲಿ ‘ತೆನಿಸು’, ಹಳೆಯ ಔಪಚಾರಿಕ ಬರಹದಲ್ಲಿ ಅಂಗಳ-ಚೆಂಡು ಎಂಬರ್ಥದ ‘ತೇಕ್ಯೂ’. ಗ್ರೀಸಿನ ಔಪಚಾರಿಕ ಪದ ‘ಅಂದಿಸ್ಫೇರಿಸಿ’. ವಿಂಗ್‌ಫೀಲ್ಡ್ ಆರಿಸಿದ, ಸೋತುಹೋದ ಹೆಸರಿನ ಬೇರೇ ಇದರೊಳಗೂ ಇದೆ.

ಎರವಲು ಪದ ಹೋದಲ್ಲಿ ಅರ್ಥ ಜಾರುವುದನ್ನೂ ಹುಡುಕಬೇಕು. ಬ್ರೆಜಿಲ್‌ನ ಪೋರ್ಚುಗೀಸಿನಲ್ಲಿ ಮತ್ತು ಮೆಕ್ಸಿಕೊದ ಸ್ಪ್ಯಾನಿಷ್‌ನಲ್ಲಿ ‘ತೆನಿಸ್’ ಎಂದರೆ ಆಟವೂ ಹೌದು, ಕಾಲಿಗೆ ಹಾಕುವ ಕ್ಯಾನ್ವಾಸ್ ಬೂಟೂ ಹೌದು. ಫ್ರೆಂಚಿನಲ್ಲಿ ಅದು ಆಟದ ಅಂಕಣವನ್ನೂ ಸೂಚಿಸುತ್ತದೆ. ನಮ್ಮೂರುಗಳಲ್ಲಿ ‘ಟೆನಿಸ್ ಬಾಲ್ ಟೂರ್ನಿ’ ಎಂಬ ಬ್ಯಾನರ್ ಕಂಡರೆ, ಅಲ್ಲಿ ನಡೆಯುವುದು ಕ್ರಿಕೆಟ್ ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಕನ್ನಡದ ಪತ್ರಿಕೆಗಳಲ್ಲಿ, ಪುಸ್ತಕಗಳಲ್ಲಿ ಈ ಪದವನ್ನು ಹುಡುಕುವವರು ‘ಟೆನಿಸ್’ ಮತ್ತು ‘ಟೆನ್ನಿಸ್’ ಎರಡೂ ಕಾಗುಣಿತಗಳನ್ನು ಕೊಟ್ಟು ನೋಡಬೇಕು. ಒಂದನ್ನೇ ಕೊಟ್ಟರೆ ಇನ್ನೊಂದರ ಉಲ್ಲೇಖಗಳು ಕೈತಪ್ಪುತ್ತವೆ.